ಕಳ್ಳಿ ಬೇಲಿ ಹಚ್ಚುವ ಮುಂದ

ಅಥಣಿ, ರಾಯಬಾಗದ ಮಡ್ಡಿ ಹೊಲಗಳ ಬದುವಿನ ಮೇಲೆ ಕಂಬದಂತೆ ನಿಂತ ಕಳ್ಳಿ ನೋಡದವರು ಯಾರೂ ಇಲ್ಲ. ನಾವು ಚದರಗಳ್ಳಿ ಅಂತೀವಿ. ಕಾಗವಾಡ, ನಿಪ್ಪಾಣಿ ಕಡೆ ಮರಾಠಿ ಮಾತಾಡುವವರು ನಿವಡುಂಗ ಅಂತಾರೆ. ಹೆಸರು ಚದರ, ಆದರೆ ಎಣಿಸಿ ನೋಡಿದರೆ ಹೆಚ್ಚಾಗಿ ಮೂರೇ ಏಣು!

ಈಗ ಜೆಸಿಬಿ ತರಿಸಿ ಕಳ್ಳಿ ಕಿತ್ತು ತಂತಿ ಹಾಕುವವರು ಬಹಳ. ನಾನೂ ಒಂದು ಬದುವಿನದು ಕಿತ್ತೆ. ಎರಡನೇ ವರ್ಷಕ್ಕೆ ತಂತಿ ಜೋತುಬಿತ್ತು, ಆಡು ನುಸುಳಿ ತೊಗರಿ ಮೇಯ್ದು ಹೋದವು. ಮತ್ತೆ ಕಳ್ಳಿಯನ್ನೇ ಹಚ್ಚಿದೆ.

ಎಲ್ಲರೂ ಇದನ್ನು ಕ್ಯಾಕ್ಟಸ್ ಅಂತಾರೆ. ಅಲ್ಲ. ಮುರಿದರೆ ಬಿಳಿ ಹಾಲು ಬರುತ್ತದೆ, ಮುಳ್ಳು ಜೋಡಿಜೋಡಿಯಾಗಿರುತ್ತವೆ. ಇದು ಔಡಲದ ಕುಲದ್ದು, ನಮ್ಮ ನೆಲದ್ದೇ. ನಿಜವಾದ ಕ್ಯಾಕ್ಟಸ್ ಅಮೆರಿಕ ಖಂಡದಿಂದ ಬಂದದ್ದು. ಈಗ ಸಿಮೆಂಟ್ ಕಂಬಕ್ಕೆ ಹಬ್ಬಿಸುವ ಡ್ರ್ಯಾಗನ್ ಹಣ್ಣು ಆ ಜಾತಿ, ಡಬ್ಬಗಳ್ಳಿಯೂ ಅದೇ ಜಾತಿ. ಡಬ್ಬಗಳ್ಳಿ ಒಂದು ಕಾಲಕ್ಕೆ ದಕ್ಷಿಣ ಭಾರತದ ಹೊಲ-ಗಾಯರಾಣ ನುಂಗಿತ್ತು. 1926ರಲ್ಲಿ ಶ್ರೀಲಂಕಾದಿಂದ ಒಂದು ಹಿಟ್ಟುತಿಗಣೆ ತಂದು ಬಿಟ್ಟ ಮೇಲೆ ಹತೋಟಿಗೆ ಬಂತು. ಹತ್ತಿಯಂಥ ಬಿಳಿ ಹುಳ, ಹಿಸುಕಿದರೆ ಕೆಂಪು ಬಣ್ಣ. ಬೇಲಿಗೆ ಡಬ್ಬಗಳ್ಳಿ ಬ್ಯಾಡ, ಹೊಲದಾಗ ಹರಡುತ್ತದೆ.

ಚದರಗಳ್ಳಿಗೆ ಎಲೆ ಇದ್ದೂ ಇಲ್ಲದಂತೆ, ಬೇಗ ಉದುರುತ್ತವೆ. ಹಸಿರು ಕಾಂಡವೇ ಅನ್ನ ಬೇಯಿಸಿಕೊಳ್ಳುತ್ತದೆ. ಬಿಸಿಲಾಗ ಚರ್ಮದ ರಂಧ್ರ ಮುಚ್ಚಿ, ತಂಪು ರಾತ್ರಿಯಲ್ಲಿ ತೆರೆದು ಗಾಳಿ ತಗೊಳ್ಳುತ್ತದೆ. ಅದಕ್ಕೇ ನೀರು ಹಾರಿ ಹೋಗುವುದು ಕಮ್ಮಿ. ಬರಗಾಲದಾಗ ಬಾವಿ ಬತ್ತಿದರೂ ಇದು ಹಸಿರಾಗಿರುವುದು ಹೀಗೆ.

ಹಚ್ಚೋದು ಸುಲಭ, ಅವಸರ ಮಾತ್ರ ಕೂಡದು. ಬ್ಯಾಸಿಗಿ ಕಡೀಕ ಒಂದೂವರೆ-ಎರಡು ಅಡಿಯ ಬಲಿತ ಟೊಂಗೆ ಕಡಿದು ನೆರಳಾಗ ಎಂಟ್ಹತ್ತು ದಿನ ಒಣಗಿಸಬೇಕು. ಕಡಿದ ಬಾಯಿ ಒಣಗಿ ಚರ್ಮ ಕಟ್ಟಬೇಕು. ನಾನು ಮೊದಲ ಸಲ ಹಸಿಯಾಗೇ ಊರಿ, ಮೇಲೆ ಕೊಡ ನೀರು ಬೇರೆ ಹಾಕಿದೆ. ಅರ್ಧಕ್ಕರ್ಧ ಕೊಳೆತವು. ಮಿರಗದ ಮಳೆಗೆ ಮುಂಚೆ ಅರ್ಧ ಅಡಿ ಆಳಕ್ಕೆ ಊರಿ ಮಣ್ಣು ತುಳಿದರೆ ಸಾಕು. ಒಂದೆಕರೆ ಚೌಕ ಹೊಲದ ಸುತ್ತು ಸುಮಾರು 840 ಅಡಿ. ಅಡಿಗೊಂದರಂತೆ ಅಷ್ಟೇ ಟೊಂಗೆ, ಎರಡು ಸಾಲಾದರೆ ಇಮ್ಮಡಿ. ನನಗೆ ಆಡು ತಡೆಯಲು ನಾಲ್ಕು ವರ್ಷ ಹಿಡಿಯಿತು. ಅಲ್ಲೀತನಕ ಜಾಲಿ ಮುಳ್ಳು ಬಡಿದಿದ್ದೆ.

ಬೇಲಿ ಬೆಳೆದಂತೆ ಅದರ ಮೇಲೆ ತೊಂಡೆ, ಮಂಗರವಳ್ಳಿ, ಅಮೃತಬಳ್ಳಿ ಹಬ್ಬುತ್ತವೆ. ಬುಡದಾಗ ಓತಿ, ಮುಂಗುಸಿ. ತಂತಿಗೆ ಇದ್ಯಾವುದೂ ಬರುವುದಿಲ್ಲ.

ಹಾಲಿನ ಮಾತು ಮಾತ್ರ ಎಲ್ಲರೂ ಲಕ್ಷ್ಯಕೊಟ್ಟು ಕೇಳಬೇಕು. ಸವರುವಾಗ ಒಂದು ಹನಿ ನನ್ನ ಬಲಗಣ್ಣಿಗೆ ಸಿಡಿಯಿತು. ಮೊದಲು ಬರೀ ಉರಿ. ಏನಾಗೋದೈತಿ ಅಂತ ಟವಲಿನಿಂದ ತಿಕ್ಕಿ ಕೆಲಸ ಮುಂದುವರಿಸಿದೆ. ರಾತ್ರಿ ಹೊತ್ತಿಗೆ ಕಣ್ಣು ಬಾತು, ದೀಪದ ಸುತ್ತ ಮಂಜು ಕಂಡಂತಾಯಿತು. ಬೆಳಿಗ್ಗೆ ಚಿಕ್ಕೋಡಿಗೆ ಕಣ್ಣಿನ ಡಾಕ್ಟರ ಹತ್ತಿರ ಓಡಿದೆ. ಕರಿಗುಡ್ಡೆಯ ಮೇಲ್ಪದರ ಸುಟ್ಟೈತಿ, ತಿಕ್ಕಬಾರದಿತ್ತು, ಕೂಡಲೇ ತೊಳೀಬೇಕಿತ್ತು ಅಂದರು. ನೆಟ್ಟಗೆ ಕಾಣಲು ಹತ್ತು ದಿನ ಹಿಡಿಯಿತು. ಹಾಲು ಬಿದ್ದರೆ ಕಣ್ಣು ತೆರೆದಿಟ್ಟು 15-20 ನಿಮಿಷ ಶುದ್ಧ ನೀರು ಹೊಯ್ಯಬೇಕು, ಆಮೇಲೆ ತಡಮಾಡದೆ ಡಾಕ್ಟರಲ್ಲಿಗೆ ಹೋಗಬೇಕು. ಎಣ್ಣೆ, ಎದೆಹಾಲು ಹಾಕುತ್ತಾ ಕೂಡ್ರಬ್ಯಾಡ್ರಿ. ಈಗ ಕನ್ನಡಕ, ಉದ್ದ ತೋಳಿನ ಅಂಗಿ ಇಲ್ಲದೆ ಕುಡಗೋಲು ಹಿಡಿಯುವುದಿಲ್ಲ, ಗಾಳಿಗೆ ಎದುರು ನಿಲ್ಲುವುದಿಲ್ಲ, ಒಂದು ಕೊಡ ನೀರು ಬಗಲಲ್ಲೇ ಇರುತ್ತದೆ. ಭೇದಿಗೆಂದು ಹಳಬರು ಈ ಹಾಲು ಕೊಡುತ್ತಿದ್ದರು, ಅದು ಬ್ಯಾಡ. ಕಡಿದ ತುಂಡು ಕೆರೆ-ಬಾವಿಗೆ ಎಸೆದರೆ ಮೀನು ಸಾಯುತ್ತವೆ.

ಇನ್ನೊಂದು ತಕರಾರು ಬೇರಿನದು. ಬೇಲಿಯ ಬುಡಕ್ಕೆ ಮೂರ್ನಾಲ್ಕು ಅಡಿ ಜೋಳ ಸೊರಗುತ್ತದೆ, ಬದುವಿನ ಆ ಕಡೆಯವನದೂ. ಇದೇ ಕಾರಣಕ್ಕೆ ಪಕ್ಕದ ಹೊಲದವರೂ ನಾವೂ ಎರಡು ವರ್ಷ ಮಾತು ಬಿಟ್ಟಿದ್ದೆವು. ಈ ಸಲ ಬದುವಿನಿಂದ ಮೂರು ಮೊಳ ನನ್ನ ಹೊಲದ ಒಳಗೇ ಹಚ್ಚಿದ್ದೇನೆ. ಹಚ್ಚುವ ದಿನ ಟೊಂಗೆ ಹೊರಲಿಕ್ಕೆ ಅವರೂ ಬಂದಿದ್ದರು.