ಷಿಕಾಗೊ: ಕಡೆಯ ಕೆಲವು ಮೈಲಿಗೆ ಎರಡು ಡಾಲರ್

ಗೂಡ್ಸ್ ರೈಲು ನೂರಾರು ಮೈಲಿ ಓಡಿ ನಗರ ತಲುಪಿದ ಮೇಲೂ ಸರಕಿನ ಪ್ರಯಾಣ ಮುಗಿಯುವುದಿಲ್ಲ. ವ್ಯಾಗನ್‌ಗಳನ್ನು ಬಿಡಿಸಿ, ಬೇರೊಂದು ಹಳಿಗೆ ಹಾಯಿಸಿ, ಮಾರುಕಟ್ಟೆಯ ಬಾಗಿಲಿಗೆ ಒಯ್ಯಬೇಕು. ನಗರದೊಳಗಿನ ಈ ಅಲ್ಪ ದೂರಕ್ಕೆ ದರ ನಿಗದಿಪಡಿಸುವ ಅಧಿಕಾರ ಯಾರದು? ಅಮೆರಿಕದ ಷಿಕಾಗೊದಲ್ಲಿ ಹದಿನೈದು ವರ್ಷ ನಡೆದ ವ್ಯಾಜ್ಯದ ತಿರುಳು ಇದೇ.

ಅಲ್ಲಿನ ಯೂನಿಯನ್ ಸ್ಟಾಕ್ ಯಾರ್ಡ್ಸ್ 1865ರಲ್ಲಿ ಆರಂಭವಾದ ಬೃಹತ್ ಜಾನುವಾರು ಮಾರುಕಟ್ಟೆ. ಪಶ್ಚಿಮದ ರಾಜ್ಯಗಳ ದನ, ಹಂದಿಗಳು ರೈಲಿನಲ್ಲೇ ಬರುತ್ತಿದ್ದವು. ಹೊರಟ ಊರಿನಿಂದ ಯಾರ್ಡ್‌ವರೆಗೆ ಒಂದೇ ಬಾಡಿಗೆಯಿತ್ತು. ಆದರೆ ಯಾರ್ಡ್‌ನ ಹಳಿಗಳ ಒಡೆತನ ಬೇರೆ ಕಂಪೆನಿಯದು. ಅದು ಹಳಿ ಬಳಕೆಗೆ ಶುಲ್ಕ ಕೇಳಿದಾಗ, ರೈಲ್ವೆ ಕಂಪೆನಿಗಳು 1894ರ ಜೂನ್ 1ರಿಂದ ಪ್ರತಿ ವ್ಯಾಗನ್‌ಗೆ 2 ಡಾಲರ್ ‘ಟರ್ಮಿನಲ್ ಶುಲ್ಕ’ವನ್ನು ಪ್ರತ್ಯೇಕವಾಗಿ ಹೇರಿದವು. ಹೊರೆ ಬಿದ್ದದ್ದು ಜಾನುವಾರು ಸಾಕುವವರ ಮೇಲೆ.

1887ರ ಕಾಯ್ದೆಯಡಿ ರಚನೆಯಾಗಿದ್ದ ಅಂತರರಾಜ್ಯ ವಾಣಿಜ್ಯ ಆಯೋಗವು 1 ಡಾಲರ್‌ಗಿಂತ ಹೆಚ್ಚು ವಸೂಲಿ ನ್ಯಾಯಸಮ್ಮತವಲ್ಲ ಎಂದಿತು. ಆದರೆ ಮುಂದಿನ ದರ ಗೊತ್ತುಪಡಿಸುವ ಅಧಿಕಾರ ಆಯೋಗಕ್ಕಿಲ್ಲವೆಂದು ಸುಪ್ರೀಂ ಕೋರ್ಟ್ 1897ರಲ್ಲೇ ಬೇರೊಂದು ಮೊಕದ್ದಮೆಯಲ್ಲಿ ಹೇಳಿತ್ತು. ಟರ್ಮಿನಲ್ ಶುಲ್ಕದ ಪ್ರಕರಣವೂ 1902ರಲ್ಲಿ ಆಯೋಗದ ಕೈತಪ್ಪಿತು. ಕೆಲವು ಪ್ರದೇಶಗಳಿಂದ ಬರುವ ಸರಕಿಗೆ ಮೂಲ ಬಾಡಿಗೆಯನ್ನೇ ಇಳಿಸಲಾಗಿದೆ, ಎಲ್ಲಕ್ಕೂ ಅನ್ವಯಿಸುವ ಒಂದೇ ಆದೇಶ ನಿಲ್ಲದು ಎಂಬುದು ಕೋರ್ಟಿನ ನಿಲುವಾಗಿತ್ತು.

1906ರ ಹೆಪ್‌ಬರ್ನ್ ಕಾಯ್ದೆ ಆಯೋಗಕ್ಕೆ ಗರಿಷ್ಠ ದರ ನಿಗದಿಯ ಬಲ ಕೊಟ್ಟಿತು. ಆಯೋಗ ಮತ್ತೆ 1 ಡಾಲರ್ ಆದೇಶ ಹೊರಡಿಸಿತು, 1909ರಲ್ಲಿ ಮತ್ತೆ ಸೋತಿತು. ನಗರದೊಳಗಿನ ಸೇವೆಗೆ ತಗಲುವ ವೆಚ್ಚವನ್ನು ನೋಡಿದರೆ 2 ಡಾಲರ್ ಹೆಚ್ಚಲ್ಲ; ದೂರದ ಬಾಡಿಗೆ ದುಬಾರಿಯೆನಿಸಿದರೆ ಅದನ್ನೇ ಪ್ರಶ್ನಿಸಬೇಕು, ಅದರ ಸಲುವಾಗಿ ಟರ್ಮಿನಲ್ ಶುಲ್ಕ ಕಡಿಯಲಾಗದು ಎಂದು ಕೋರ್ಟ್ ತೀರ್ಮಾನಿಸಿತು.

ತರ್ಕ ಸರಿಯೇ. ಆದರೆ ರೈತನ ಜೇಬು ಒಂದೇ. ಹಿಂದೆ ಒಂದೇ ಬಾಡಿಗೆಯಲ್ಲಿ ಅಡಗಿದ್ದ ಸೇವೆಯನ್ನು ಬಿಡಿಸಿ ಬೇರೆ ಬೆಲೆ ಕಟ್ಟಿದರೆ, ಪ್ರತಿಯೊಂದು ತುಂಡೂ ತನ್ನಷ್ಟಕ್ಕೆ ನ್ಯಾಯವಾಗಿಯೇ ಕಂಡೀತು. ಒಟ್ಟು ಮೊತ್ತ ಮಾತ್ರ ಏರಿರುತ್ತದೆ.

ಸ್ಟಾಕ್ ಯಾರ್ಡ್ಸ್ 1971ರಲ್ಲಿ ಮುಚ್ಚಿತು. 1980ರ ಸ್ಟ್ಯಾಗರ್ಸ್ ಕಾಯ್ದೆಯಿಂದ ದರ ನಿಯಂತ್ರಣ ಬಹುಮಟ್ಟಿಗೆ ಸಡಿಲಗೊಂಡಿತು. 1995ರ ಅಂತ್ಯಕ್ಕೆ ಆಯೋಗವೇ ರದ್ದಾಗಿ, ಉಳಿದ ಹೊಣೆಗಳು ಭೂಸಾರಿಗೆ ಮಂಡಳಿಗೆ ಹೋದವು.