ಹರಾಜಿನ ಸುದ್ದಿ, ಮೂಲೆಯ ಕಾವಲು

ಯಾದಗಿರಿ, ಶಹಾಪುರ, ಸುರಪುರಗಳ ಕಟ್ಟೆಗಳಲ್ಲಿ ಪ್ರೊ ಕಬಡ್ಡಿ ಹರಾಜಿನ ಗಾಳಿಸುದ್ದಿ ಎದ್ದಾಗಲೆಲ್ಲ ದಾಳಿಗಾರರ ಹೆಸರುಗಳೇ ನಮ್ಮ ಕಿವಿಗೆ ಬೀಳುವುವು. ಅದು ಸಹಜವೇ. 2019ರ ಜನವರಿಯ ಅಂತಿಮ ಪಂದ್ಯದಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದು ಬೆಂಗಳೂರು ಬುಲ್ಸ್ ತಂಡಕ್ಕೆ ಪ್ರಶಸ್ತಿ ದೊರಕಿಸಿದುದನ್ನು ಮರೆತವರಾರು?

ಆದರೆ 2023ರ ಹರಾಜಿನಲ್ಲಿ ಅವರಿಗಾಗಿ 2.605 ಕೋಟಿ ರೂಪಾಯಿ ಸುರಿದ ತೆಲುಗು ಟೈಟನ್ಸ್ ಪಟ್ಟಿಯ ತಳದಲ್ಲಿ ನಿಂತಿತು. ಅದೇ ಹರಾಜಿನಲ್ಲಿ ಇರಾನಿನ ಶಾದ್ಲೂಯಿಯವರನ್ನು 2.35 ಕೋಟಿಗೆ ಪಡೆದ ಪುಣೇರಿ ಪಲ್ಟನ್, ಕನ್ನಡಿಗ ಬಿ. ಸಿ. ರಮೇಶರ ತರಬೇತಿಯಲ್ಲಿ, 2024ರಲ್ಲಿ ಪ್ರಶಸ್ತಿ ಗೆದ್ದಿತು. ಶಾದ್ಲೂಯಿಯವರಾದರೋ ಮೂಲೆ ಕಾದು ಎದುರಾಳಿಯ ಕಾಲು ಹಿಡಿಯುವುದರಲ್ಲಿ ನಿಪುಣರು!

ಎರೆಮಣ್ಣಿನ ನಮ್ಮ ಹುಡುಗರಲ್ಲಿ ಈ ಪಟ್ಟು ಬಲ್ಲವರಿಲ್ಲವೇ? ಬುಲ್ಸ್ ತಂಡದವರು ಒಮ್ಮೆ ಇತ್ತ ಬಂದು ನೋಡಲಿ.