ಅಮೆರಿಕದಲ್ಲಿ ಆರೋಗ್ಯ ವಿಮೆಯ ಹೋರಾಟ

ಕಾಯಿಲೆ ಬಿದ್ದವನಿಗೆ ಚಿಕಿತ್ಸೆ ದೊರೆಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಚಿಕಿತ್ಸೆಯ ಹಣವನ್ನು ಯಾರು ಕೊಡಬೇಕು ಎಂಬ ಪ್ರಶ್ನೆ ಬಂದೊಡನೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಜಗಳ ಹುಟ್ಟುತ್ತದೆ. ಈ ಜಗಳಕ್ಕೆ ನೂರು ವರ್ಷಗಳಿಗೂ ಮೇಲ್ಪಟ್ಟ ಇತಿಹಾಸವಿದೆ. ಜರ್ಮನಿಯು 1883ರಷ್ಟು ಹಿಂದೆಯೇ ಕಾರ್ಮಿಕರಿಗೆ ಕಾಯಿಲೆಯ ವಿಮೆಯನ್ನು ಶಾಸನದ ಮೂಲಕ ಒದಗಿಸಿತು. ಬ್ರಿಟನ್ನಿನಲ್ಲಿ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಪ್ರಾರಂಭವಾಯಿತು. ಇವೆರಡಕ್ಕಿಂತಲೂ ಸಿರಿವಂತ ರಾಷ್ಟ್ರವಾದ ಅಮೆರಿಕವು 2023ರಲ್ಲಿ ತನ್ನ ಒಟ್ಟು ಉತ್ಪನ್ನದ ನೂರರಲ್ಲಿ ಸುಮಾರು 17.6 ಪಾಲನ್ನು ಆರೋಗ್ಯಕ್ಕಾಗಿ ವ್ಯಯಮಾಡಿತು. ಅದೇ ವರ್ಷ ಅಲ್ಲಿನ ಸುಮಾರು 2 ಕೋಟಿ 60 ಲಕ್ಷ ಮಂದಿಗೆ ಯಾವ ವಿಮೆಯೂ ಇರಲಿಲ್ಲ. ಇಷ್ಟೊಂದು ಹಣ, ಇಷ್ಟೊಂದು ಮಂದಿ ನಿರಾಶ್ರಿತರು! ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಲೆಯೇರಿಕೆಯನ್ನು ತಡೆಯಲು ಅಮೆರಿಕದ ಸರ್ಕಾರ ಕೂಲಿ ಸಂಬಳಗಳಿಗೆ ಮಿತಿ ಹಾಕಿತು. ಕಾರ್ಖಾನೆಗಳಿಗೆ ಆಳುಗಳು ಬೇಕು, ಸಂಬಳ ಹೆಚ್ಚಿಸುವಂತಿಲ್ಲ. ಆಗ ಮಾಲೀಕರು ಆರೋಗ್ಯ ವಿಮೆಯ ಆಸೆ ತೋರಿಸಿ ಕೆಲಸಗಾರರನ್ನು ಸೆಳೆದರು. ಆ ವಿಮೆಗೆ ತೆರಿಗೆಯಿಂದ ವಿನಾಯಿತಿಯೂ ದೊರೆಯಿತು. ಯುದ್ಧ ಮುಗಿದರೂ ಪದ್ಧತಿ ಉಳಿಯಿತು. ಹೀಗೆ ಯಾರೂ ಯೋಜಿಸದೆಯೇ ಅಮೆರಿಕದವನ ಆರೋಗ್ಯವು ಅವನ ಉದ್ಯೋಗಕ್ಕೆ ಗಂಟುಬಿದ್ದಿತು. ಕೆಲಸ ಹೋದರೆ ವಿಮೆಯೂ ಹೋಯಿತು. ಕಾಯಿಲೆಯಿಂದಲೇ ಕೆಲಸ ಕಳೆದುಕೊಂಡವನ ಪಾಡಂತೂ ಗಾಯದ ಮೇಲೆ ಬರೆ ಎಳೆದಂತೆ.

1945ರ ನವೆಂಬರಿನಲ್ಲಿ ಡೆಮೊಕ್ರಾಟಿಕ್ ಪಕ್ಷದ ಅಧ್ಯಕ್ಷ ಹ್ಯಾರಿ ಟ್ರೂಮನ್ ಎಲ್ಲರಿಗೂ ಅನ್ವಯಿಸುವ ರಾಷ್ಟ್ರೀಯ ವಿಮೆಯನ್ನು ಸೂಚಿಸಿದರು. ಸೈನ್ಯಕ್ಕೆ ಪರೀಕ್ಷಿಸಲ್ಪಟ್ಟ ತರುಣರಲ್ಲಿ ಸುಮಾರು 50 ಲಕ್ಷ ಮಂದಿ ದೇಹದಾರ್ಢ್ಯವಿಲ್ಲದೆ ತಿರಸ್ಕೃತರಾದುದನ್ನು ಅವರು ಕಾಂಗ್ರೆಸ್ಸಿನ ಗಮನಕ್ಕೆ ತಂದರು. ಅಲ್ಲಿನ ವೈದ್ಯರ ಸಂಘ ಇದನ್ನು ಕಟುವಾಗಿ ವಿರೋಧಿಸಿತು. ಪ್ರತಿಯೊಬ್ಬ ಸದಸ್ಯನಿಂದ 25 ಡಾಲರ್ ವಂತಿಗೆ ಎತ್ತಿ ಪ್ರಚಾರ ಕೈಗೊಂಡಿತು. ‘ಸಮಾಜವಾದಿ ವೈದ್ಯ’ ಎಂಬ ಒಂದು ಮಾತು ಸಾಕಾಯಿತು. ರಷ್ಯದೊಡನೆ ಶೀತಲ ಸಮರ ನಡೆಯುತ್ತಿದ್ದ ಆ ದಿನಗಳಲ್ಲಿ ಸಮಾಜವಾದವೆಂದರೆ ಜನ ಬೆಚ್ಚುತ್ತಿದ್ದರು. ಟ್ರೂಮನ್ನರ ಯೋಜನೆ ಮೂಲೆಗುಂಪಾಯಿತು.

ಇಪ್ಪತ್ತು ವರ್ಷಗಳ ನಂತರ, 1965ರ ಜುಲೈ 30ರಂದು, ಅಧ್ಯಕ್ಷ ಲಿಂಡನ್ ಜಾನ್ಸನ್ ಟ್ರೂಮನ್ನರ ಊರಾದ ಇಂಡಿಪೆಂಡೆನ್ಸಿಗೆ ಹೋಗಿ, ಆ ವೃದ್ಧರ ಎದುರಿನಲ್ಲಿಯೇ ಎರಡು ಯೋಜನೆಗಳಿಗೆ ಸಹಿ ಹಾಕಿದರು. 65 ವರ್ಷ ದಾಟಿದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್. ಮೆಡಿಕೇರಿನ ಮೊದಲನೆಯ ಚೀಟಿ ಟ್ರೂಮನ್ನರಿಗೇ ಸಂದಿತು. ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಪ್ರತಿನಿಧಿ ಸಭೆಯಲ್ಲಿ 70 ಮಂದಿ ರಿಪಬ್ಲಿಕನ್ನರು, ಸೆನೆಟ್ಟಿನಲ್ಲಿ 13 ಮಂದಿ ರಿಪಬ್ಲಿಕನ್ನರು ಈ ಮಸೂದೆಯ ಪರವಾಗಿ ಮತ ಕೊಟ್ಟಿದ್ದರು. ಅಂದಿನ ದಿನಗಳಲ್ಲಿ ಪಕ್ಷಗಳ ನಡುವಣ ಗೋಡೆಯಲ್ಲಿ ಬಾಗಿಲುಗಳಿದ್ದುವು.

1974ರಲ್ಲಿ ಬೇರೊಂದು ಅವಕಾಶ ಒದಗಿತು. ರಿಪಬ್ಲಿಕನ್ ಅಧ್ಯಕ್ಷ ರಿಚರ್ಡ್ ನಿಕ್ಸನ್, ಕ್ಷಯರೋಗದಲ್ಲಿ ಅಣ್ಣನನ್ನು ಕಳೆದುಕೊಂಡವರು, ಮಾಲೀಕರೆಲ್ಲರೂ ತಮ್ಮ ಕೆಲಸಗಾರರಿಗೆ ವಿಮೆ ಕೊಡತಕ್ಕದ್ದೆಂಬ ಯೋಜನೆಯನ್ನು ಮುಂದಿಟ್ಟರು. ಇದಕ್ಕಿಂತ ವಿಶಾಲವಾದುದು ಬೇಕೆಂದು ಡೆಮೊಕ್ರಾಟರೂ ಕಾರ್ಮಿಕ ಸಂಘಗಳೂ ಪಟ್ಟುಹಿಡಿದುವು. ಅಷ್ಟರಲ್ಲಿ ಹಗರಣವೊಂದರಲ್ಲಿ ಸಿಕ್ಕಿ ನಿಕ್ಸನ್ ರಾಜೀನಾಮೆಯಿತ್ತರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಂದು ಒಪ್ಪಂದ ಮಾಡಿಕೊಳ್ಳದೆ ಹೋದುದಕ್ಕಾಗಿ ಸೆನೆಟರ್ ಎಡ್ವರ್ಡ್ ಕೆನಡಿ ಮುಂದೆ ವಿಷಾದಪಟ್ಟರು. 1993ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಸಾವಿರ ಪುಟಗಳನ್ನು ಮೀರಿದ ಮಸೂದೆಯೊಂದನ್ನು ತಂದರು. ಅದು ಮತದಾನದವರೆಗೂ ಬಾರದೆ ಮರುವರ್ಷ ಸತ್ತುಹೋಯಿತು.

ವಿಮೆಯ ಒಳಮರ್ಮವನ್ನು ಇಲ್ಲಿ ತಿಳಿದುಕೊಳ್ಳಬೇಕು. ಇಲ್ಲವಾದರೆ ಮುಂದಿನ ಜಗಳ ಅರ್ಥವಾಗುವುದಿಲ್ಲ. ವಿಮೆಯೆಂಬುದು ಒಂದು ಕೂಡುನಿಧಿ. ಆರೋಗ್ಯವಂತರೂ ರೋಗಿಗಳೂ ಕೂಡಿ ಕಂತು ಕಟ್ಟುತ್ತಾರೆ; ರೋಗ ಬಂದವರಿಗೆ ಅದರಿಂದ ವೆಚ್ಚವಾಗುತ್ತದೆ. ಲಾಭಕ್ಕಾಗಿ ನಡೆಯುವ ವಿಮಾ ಸಂಸ್ಥೆಗೆ ರೋಗಿ ಬೇಡ. ಆದುದರಿಂದ ಮಧುಮೇಹವೋ ಹೃದ್ರೋಗವೋ ಇದ್ದವರಿಗೆ ಅವು ವಿಮೆ ನಿರಾಕರಿಸುತ್ತಿದ್ದುವು. ಹಾಗೆ ನಿರಾಕರಿಸಕೂಡದೆಂದು ಶಾಸನ ಮಾಡಿದರೆ ಇನ್ನೊಂದು ತೊಡಕು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೂ ನೀರು ಸಿಕ್ಕೇ ಸಿಗುವುದೆಂದಾದರೆ ಮುಂಚಿತವಾಗಿ ತೋಡುವವರಾರು? ಆರೋಗ್ಯವಂತರು ಹೊರಗುಳಿದು, ರೋಗಿಗಳೇ ಒಳಗಿದ್ದು, ಕಂತು ಆಕಾಶಕ್ಕೇರುತ್ತದೆ. ಇದಕ್ಕೆ ಪರಿಹಾರವಾಗಿ, ಪ್ರತಿಯೊಬ್ಬನೂ ವಿಮೆ ಹೊಂದಿರತಕ್ಕದ್ದು, ಶಕ್ತಿಯಿಲ್ಲದವರಿಗೆ ಸಹಾಯಧನ ಕೊಡತಕ್ಕದ್ದು ಎಂಬ ವಿಚಾರ ಹುಟ್ಟಿತು. ಕಡ್ಡಾಯ ವಿಮೆಯ ಈ ವಿಚಾರವನ್ನು 1989ರಲ್ಲಿ ಮುಂದಿಟ್ಟದ್ದು ಹೆರಿಟೇಜ್ ಫೌಂಡೇಷನ್ ಎಂಬ ಸಂಪ್ರದಾಯವಾದಿ ಸಂಸ್ಥೆ. 2006ರಲ್ಲಿ ಅದನ್ನು ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಜಾರಿಗೆ ತಂದವರು ರಿಪಬ್ಲಿಕನ್ ರಾಜ್ಯಪಾಲ ಮಿಟ್ ರಾಮ್ನಿ. ತನ್ನ ಹೊಣೆಯನ್ನು ತಾನೇ ಹೊರುವುದು ಸ್ವಾವಲಂಬನೆಯ ಲಕ್ಷಣವೆಂದು ಆಗ ಅವರು ವಾದಿಸಿದ್ದರು.

ಮೂರು ವರ್ಷಗಳ ನಂತರ ಡೆಮೊಕ್ರಾಟಿಕ್ ಅಧ್ಯಕ್ಷ ಬರಾಕ್ ಒಬಾಮ ಅದೇ ಚೌಕಟ್ಟನ್ನು ರಾಷ್ಟ್ರಕ್ಕೆಲ್ಲ ಹಾಸಲು ಹೊರಟಾಗ ಅದು ಸ್ವಾತಂತ್ರ್ಯಹರಣವೆನಿಸಿತು! ವಿಚಾರ ಬದಲಾಗಿರಲಿಲ್ಲ, ಅದನ್ನು ಹಿಡಿದ ಕೈ ಬದಲಾಗಿತ್ತು. ರಿಪಬ್ಲಿಕನ್ನರ ಆಕ್ಷೇಪಣೆಗಳೆಲ್ಲವೂ ಹುರುಳಿಲ್ಲದವೆಂದು ಹೇಳಲಾಗದು. ಕೇಂದ್ರ ಸರ್ಕಾರ ಬೆಳೆದಷ್ಟೂ ರಾಜ್ಯಗಳ ಅಧಿಕಾರ ಕುಗ್ಗುವುದು, ತೆರಿಗೆ ಹೆಚ್ಚುವುದು, ಬೇಡದ ವಸ್ತುವನ್ನು ಕೊಳ್ಳೆಂದು ಪ್ರಜೆಯನ್ನು ಬಲಾತ್ಕರಿಸುವುದು ಸರಿಯಲ್ಲ ಎಂಬ ವಾದಗಳು ವಿಚಾರಾರ್ಹವೇ. ಆದರೆ 2009ರ ಬೇಸಗೆಯಲ್ಲಿ ವಾದಕ್ಕಿಂತ ವದಂತಿಯೇ ಜೋರಾಗಿತ್ತು. ಮರಣ ಸಮೀಪಿಸಿದಾಗ ಎಂತಹ ಚಿಕಿತ್ಸೆ ಬೇಕೆಂಬ ಬಗ್ಗೆ ಇಷ್ಟವಿದ್ದವರು ವೈದ್ಯರೊಡನೆ ಸಮಾಲೋಚಿಸಿದರೆ ವೈದ್ಯರಿಗೆ ಶುಲ್ಕ ಕೊಡಬೇಕೆಂಬ ಸಾಧು ವಿಧಿಯೊಂದು ಮಸೂದೆಯಲ್ಲಿತ್ತು. ವೃದ್ಧರು ಬದುಕಬೇಕೋ ಸಾಯಬೇಕೋ ಎಂಬುದನ್ನು ತೀರ್ಮಾನಿಸಲು ‘ಮರಣ ಮಂಡಲಿ’ಗಳು ಬರುತ್ತವೆಂದು ಅದನ್ನು ತಿರುಚಿ ಹೇಳಲಾಯಿತು. ಹೆದರಿಕೆ ಹಬ್ಬಿ, ವಿಧಿಯನ್ನೇ ಕೈಬಿಡಬೇಕಾಯಿತು.

ಸೆನೆಟ್ಟಿನ 100 ಸದಸ್ಯರಲ್ಲಿ 60 ಮಂದಿ ಒಪ್ಪದೆ ಅಲ್ಲಿ ಚರ್ಚೆಯನ್ನು ಮುಗಿಸುವಂತಿಲ್ಲ. 2009ರ ಕ್ರಿಸ್ಮಸ್ ಹಿಂದಿನ ದಿನ ಸರಿಯಾಗಿ 60 ಮತಗಳಿಂದ ಮಸೂದೆ ಪಾರಾಯಿತು. 2010ರ ಮಾರ್ಚ್ 21ರಂದು ಪ್ರತಿನಿಧಿ ಸಭೆಯಲ್ಲಿ ಪರವಾಗಿ 219, ವಿರೋಧವಾಗಿ 212 ಮತಗಳು ಬಿದ್ದುವು. ಎರಡು ಸಭೆಗಳಲ್ಲಿಯೂ ಒಬ್ಬನೇ ಒಬ್ಬ ರಿಪಬ್ಲಿಕನ್ ಸಹ ಬೆಂಬಲ ಕೊಡಲಿಲ್ಲ. 1965ರಲ್ಲಿದ್ದ ಬಾಗಿಲುಗಳು ಮುಚ್ಚಿಹೋಗಿದ್ದುವು. ಮಾರ್ಚ್ 23ರಂದು ಒಬಾಮ ಸಹಿ ಹಾಕಿದರು. ಹಳೆಯ ರೋಗದ ನೆಪದಲ್ಲಿ ವಿಮೆ ನಿರಾಕರಿಸುವುದು ನಿಷಿದ್ಧವಾಯಿತು; ಮಕ್ಕಳು 26 ವರ್ಷದವರೆಗೆ ತಂದೆತಾಯಿಗಳ ವಿಮೆಯಲ್ಲಿರಲು ಅವಕಾಶವಾಯಿತು; ಮೆಡಿಕೇಡ್ ಹೆಚ್ಚು ಬಡವರಿಗೆ ವಿಸ್ತರಿಸಿತು. ಶಾಸನಕ್ಕೆ ವಿರೋಧಿಗಳು ಇಟ್ಟ ‘ಒಬಾಮಕೇರ್’ ಎಂಬ ಅಡ್ಡಹೆಸರೇ ನೆಲೆಯಾಯಿತು. ಶಾಸನದ ನಿಜನಾಮ ಹೇಳಿದರೆ ಒಪ್ಪುವವರು ಅಡ್ಡಹೆಸರು ಹೇಳಿದರೆ ಬೇಡವೆನ್ನುತ್ತಿದ್ದುದೂ ಉಂಟು.

ಪಕ್ಷದ್ವೇಷ ವ್ಯಕ್ತಿಗಳನ್ನೂ ಬಿಡಲಿಲ್ಲ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಮನೆತನದ ಡಾ. ವಿವೇಕ್ ಮೂರ್ತಿ ಈ ಶಾಸನದ ಪರವಾಗಿ ವೈದ್ಯರನ್ನು ಸಂಘಟಿಸಿದವರು. ಒಬಾಮ ಅವರನ್ನು ರಾಷ್ಟ್ರದ ಮಹಾವೈದ್ಯಾಧಿಕಾರಿಯ ಪದವಿಗೆ 2013ರ ನವೆಂಬರಿನಲ್ಲಿ ಹೆಸರಿಸಿದರು. ಬಂದೂಕಿನ ಹಿಂಸೆಯೂ ಆರೋಗ್ಯದ ಪ್ರಶ್ನೆಯೆಂದು ಅವರು ಹೇಳಿದ್ದುದು ಇನ್ನಷ್ಟು ವಿರೋಧವನ್ನು ತಂದಿತು. ಸೆನೆಟ್ ಅವರಿಗೆ ಒಪ್ಪಿಗೆಯಿತ್ತುದು 2014ರ ಡಿಸೆಂಬರಿನಲ್ಲಿ, 51ಕ್ಕೆ 43 ಮತಗಳಿಂದ.

ಶಾಸನದ ವಿರುದ್ಧ ಹೋರಾಟ ನ್ಯಾಯಾಲಯಕ್ಕೂ ಏರಿತು. 2012ರ ಜೂನಿನಲ್ಲಿ ಸರ್ವೋಚ್ಚ ನ್ಯಾಯಾಲಯ ಐದಕ್ಕೆ ನಾಲ್ಕರ ಬಹುಮತದಿಂದ ಶಾಸನವನ್ನು ಎತ್ತಿಹಿಡಿಯಿತು. ಮೆಡಿಕೇಡ್ ವಿಸ್ತರಣೆ ಮಾತ್ರ ರಾಜ್ಯಗಳ ಇಚ್ಛೆಗೆ ಬಿಟ್ಟದ್ದೆಂದಿತು. ಟೆಕ್ಸಾಸ್, ಫ್ಲಾರಿಡಗಳಂಥ ರಾಜ್ಯಗಳು ಅದನ್ನು ಸ್ವೀಕರಿಸಲಿಲ್ಲ. ಹೀಗಾಗಿ ಒಂದೇ ದೇಶದ ಇಬ್ಬರು ಬಡವರಲ್ಲಿ ಗಡಿಯ ಆಚೆಯವನಿಗೆ ವಿಮೆಯುಂಟು, ಈಚೆಯವನಿಗಿಲ್ಲ. ಪ್ರತಿನಿಧಿ ಸಭೆಯಲ್ಲಿ ಬಹುಮತ ಪಡೆದ ರಿಪಬ್ಲಿಕನ್ನರು ಶಾಸನವನ್ನು ಪೂರ್ತಿಯಾಗಿಯೋ ಭಾಗಶಃವೋ ರದ್ದುಪಡಿಸಲು ಐವತ್ತಕ್ಕೂ ಹೆಚ್ಚು ಸಲ ಮತ ಹಾಕಿದರು.

ಡೊನಾಲ್ಡ್ ಟ್ರಂಪ್ ಅಧ್ಯಕ್ಷರಾದ ಮೇಲೆ ಆ ಗಳಿಗೆ ಬಂದೇಬಿಟ್ಟಿತೆಂದು ಎಲ್ಲರೂ ತಿಳಿದರು. 2017ರ ಜುಲೈ 28ರ ನಡುರಾತ್ರಿ ಕಳೆದಿತ್ತು. ಸೆನೆಟ್ಟಿನಲ್ಲಿ 52 ಮಂದಿ ರಿಪಬ್ಲಿಕನ್ನರು. ಇಬ್ಬರು ಸ್ತ್ರೀಸದಸ್ಯರು, ಸೂಸನ್ ಕಾಲಿನ್ಸ್ ಮತ್ತು ಲೀಸಾ ಮರ್ಕೌಸ್ಕಿ, ರದ್ದತಿಗೆ ವಿರೋಧವಾಗಿದ್ದರು. ಉಳಿದವರು ಒಂದಾಗಿದ್ದರೆ ಉಪಾಧ್ಯಕ್ಷರ ಮತದಿಂದ ಕಾರ್ಯ ಸಾಧಿಸುತ್ತಿತ್ತು. ಆಗ ಎಂಬತ್ತು ವರ್ಷದ ಜಾನ್ ಮೆಕೇನ್ ಸಭೆಯ ಮುಂಭಾಗಕ್ಕೆ ಬಂದರು. 2008ರ ಚುನಾವಣೆಯಲ್ಲಿ ಒಬಾಮರ ಪ್ರತಿಸ್ಪರ್ಧಿಯಾಗಿದ್ದವರು ಅವರು. ಮೆದುಳಿನ ಕ್ಯಾನ್ಸರ್ ಇದೆಯೆಂದು ತಿಳಿದು ಇನ್ನೂ ಎರಡು ವಾರವಾಗಿರಲಿಲ್ಲ. ಶಸ್ತ್ರಚಿಕಿತ್ಸೆಯ ಗಾಯ ಹುಬ್ಬಿನ ಮೇಲೆ ಎದ್ದು ಕಾಣುತ್ತಿತ್ತು. ಎರಡು ಪಕ್ಷಗಳೂ ಕೂಡಿ ಕುಳಿತು ಶಾಸನ ರಚಿಸಬೇಕೆಂದು ಮೂರು ದಿನಗಳ ಹಿಂದೆ ಅವರು ಸಭೆಯನ್ನು ಬೇಡಿಕೊಂಡಿದ್ದರು. ಈಗ ಅವರು ಕೈ ಮುಂದೆ ಚಾಚಿ ಹೆಬ್ಬೆರಳನ್ನು ಕೆಳಮುಖ ಮಾಡಿದರು. 49ಕ್ಕೆ 51ರಿಂದ ರದ್ದತಿ ಬಿದ್ದುಹೋಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ವಿಮೆ ಕೊಳ್ಳದವರ ಮೇಲಣ ದಂಡವನ್ನು ಮಾತ್ರ ಬೇರೊಂದು ಶಾಸನ ಸೊನ್ನೆಗಿಳಿಸಿತು.

ಆಮೇಲಿನ ವರ್ಷಗಳಲ್ಲಿ ಗೆರೆ ಇನ್ನೂ ಗಟ್ಟಿಯಾಯಿತು. 2022ರಲ್ಲಿ ಮೆಡಿಕೇರಿಗೆ ಔಷಧಿಗಳ ಬೆಲೆ ಚೌಕಾಶಿ ಮಾಡುವ ಅಧಿಕಾರ ದೊರೆತದ್ದು ಡೆಮೊಕ್ರಾಟರ ಮತಗಳಿಂದ ಮಾತ್ರ. 2025ರ ಜುಲೈಯಲ್ಲಿ ಮೆಡಿಕೇಡಿನ ವೆಚ್ಚಕ್ಕೆ ಕತ್ತರಿ ಬಿದ್ದದ್ದು ರಿಪಬ್ಲಿಕನ್ನರ ಮತಗಳಿಂದ ಮಾತ್ರ. ಎರಡು ಸಲವೂ ಸೆನೆಟ್ಟಿನಲ್ಲಿ ಮತಗಳು ಸಮನಾಗಿ, ಉಪಾಧ್ಯಕ್ಷರೇ ತೀರ್ಮಾನಿಸಬೇಕಾಯಿತು. 2025ರ ಅಕ್ಟೋಬರ್ 1ರಂದು ವಿಮಾ ಸಹಾಯಧನದ ವಿಷಯದಲ್ಲಿ ಪಕ್ಷಗಳು ಒಪ್ಪದೆ ಕೇಂದ್ರ ಸರ್ಕಾರದ ಎಷ್ಟೋ ಕಚೇರಿಗಳು ಮುಚ್ಚಿದುವು. ಲಕ್ಷಾಂತರ ನೌಕರರು ಸಂಬಳವಿಲ್ಲದೆ ದಿನ ನೂಕಿದರು. 43 ದಿನಗಳ ನಂತರ ಕಚೇರಿಗಳು ತೆರೆದುವು. ಸಹಾಯಧನದ ಪ್ರಶ್ನೆ ತೀರಲಿಲ್ಲ. 2021ರಲ್ಲಿ ಹೆಚ್ಚಿಸಿದ್ದ ಆ ಸಹಾಯಧನದ ಅವಧಿ ವರ್ಷದ ಕೊನೆಗೆ ಮುಗಿದು, ಅದನ್ನು ನಂಬಿದ್ದ ಕುಟುಂಬಗಳ ಕಂತು 2026ರ ಜನವರಿಯಿಂದ ಏರಿತು.